ಐಸಿಯು ಬಾಗಿಲ ಈಚೆಯ ಮಾತುಗಳು

ರಾತ್ರಿ ಹನ್ನೊಂದಾದರೆ ಐಸಿಯು ಹೊರಗಿನ ವರಾಂಡದಲ್ಲಿ ಜಮಖಾನಗಳು ಬಿಚ್ಚಿಕೊಳ್ಳುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ಯಾನಿಂಗ್ ಫಿಲ್ಮು, ಪಕ್ಕದಲ್ಲಿ ಫ್ಲಾಸ್ಕು, ತಲೆಗೆ ಮಡಿಚಿಟ್ಟ ಸ್ವೆಟರು. ಬಾಗಿಲು ಅರ್ಧ ತೆರೆದು ಯಾರಾದರೂ “ಏಳನೇ ಬೆಡ್ ಕಡೆಯವರು ಯಾರ್ರೀ?” ಎಂದು ಕೂಗಿದರೆ ಇಡೀ ವರಾಂಡ ಎದ್ದು ಕೂರುತ್ತದೆ. ಹೆಚ್ಚಿನ ಸಲ ಅದು ಔಷಧಿ ಚೀಟಿ, ಅಷ್ಟೇ.

ನಮ್ಮ ಚಿಕ್ಕಪ್ಪನಿಗಾಗಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂಬತ್ತು ರಾತ್ರಿ ನಾನೂ ಹಾಗೆ ಎದ್ದು ಕೂತವನು. ಹೊಟ್ಟೆಯ ಕ್ಯಾನ್ಸರು, ಲಿವರಿಗೆ ಹರಡಿತ್ತು. ಆ ಒಂಬತ್ತು ದಿನ ಸುತ್ತಮುತ್ತ ಕೇಳಿದ ಮಾತುಗಳಲ್ಲಿ ಎಷ್ಟೋ ತಪ್ಪು ಎಂಬುದು ಆಮೇಲೆ ಓದಿ, ಬಲ್ಲವರನ್ನು ಕೇಳಿ ಗೊತ್ತಾಯಿತು. ಅವುಗಳಲ್ಲಿ ಅರ್ಧ ನಾನೇ ಆಡಿದ ಮಾತುಗಳು.

“ನಾಲ್ಕನೇ ಸ್ಟೇಜ್ ಅಂದ್ಮೇಲೆ ಐಸಿಯು ಬರೀ ದಂಡ”

ಪಕ್ಕದ ಜಮಖಾನದಲ್ಲಿ ತಿಪಟೂರು ಕಡೆಯ ಹೆಂಗಸೊಬ್ಬರಿದ್ದರು. ಅವರ ತಂಗಿಗೆ ಸ್ತನ ಕ್ಯಾನ್ಸರ್, ಮೂಳೆಗೂ ಹರಡಿತ್ತು. ಕೀಮೋ ಆಗಿ ಹತ್ತನೇ ದಿನಕ್ಕೆ ಚಳಿಜ್ವರ, ಬಿಪಿ ಕುಸಿತ. ಊರಿನವರೆಲ್ಲ “ಇನ್ನೇನಿದೆ, ಮನೆಗೆ ಕರ್ಕೊಂಡ್ ಬನ್ನಿ” ಎಂದಿದ್ದರಂತೆ. ಐದನೇ ದಿನ ಆ ತಂಗಿ ಗಾಲಿಕುರ್ಚಿಯಲ್ಲಿ ಹೊರಗೆ ಬಂದು, ಅಕ್ಕನ ತಲೆ ಬಾಚದ್ದನ್ನು ನೋಡಿ ಬೈದರು.

ಅಲ್ಲಿ ಆದದ್ದು ಪವಾಡವೇನೂ ಅಲ್ಲ. ಕೀಮೋ ಆದ ಒಂದೆರಡು ವಾರಕ್ಕೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಆಸ್ಪತ್ರೆಯ ಮಾತಿನಲ್ಲಿ ‘ಕೌಂಟ್ ಬಿದ್ದಿದೆ’. ಆ ಸಮಯದಲ್ಲಿ ಸೋಂಕು ತಗುಲಿದರೆ ಗಂಟೆಗಳಲ್ಲಿ ನಂಜು ಮೈಗೆಲ್ಲ ಏರುತ್ತದೆ. ಆದರೆ ಸರಿಯಾದ ಆಂಟಿಬಯಾಟಿಕ್ ಬೇಗ ಹೋಗಿ, ಬಿಪಿಯನ್ನು ನಾಲ್ಕು ದಿನ ಹಿಡಿದು ನಿಲ್ಲಿಸಿದರೆ, ಮೂಳೆಮಜ್ಜೆ ಮತ್ತೆ ಕಣಗಳನ್ನು ಹುಟ್ಟಿಸುತ್ತದೆ. ಆ ನಾಲ್ಕು ದಿನ ದಾಟಿಸುವುದು ಐಸಿಯು ಕೆಲಸ.

ಇಂಥವು ಇನ್ನೂ ಇವೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮಂಕಾಗಿ ಮಲಗಿದವರು ಡ್ರಿಪ್ಪು ಮತ್ತು ಒಂದು ಇಂಜೆಕ್ಷನ್ನಿನಿಂದ ಎರಡು ಮೂರು ದಿನದಲ್ಲಿ ಎದ್ದು ಮಾತಾಡಿಸಬಹುದು. ಹೃದಯದ ಸುತ್ತ ನೀರು ತುಂಬಿ ಉಸಿರು ಕಟ್ಟಿದವರಿಗೆ ಸೂಜಿ ಹಾಕಿ ನೀರು ತೆಗೆದರೆ ಆಗಲೇ ನಿರಾಳ. ಗಡ್ಡೆ ಔಷಧಕ್ಕೆ ಒಮ್ಮೆಲೇ ಕರಗಿ ಪೊಟ್ಯಾಸಿಯಂ ಏರಿದರೆ ಕೆಲವು ದಿನ ಡಯಾಲಿಸಿಸ್. ಇಮ್ಯುನೊಥೆರಪಿಯಿಂದ ಶ್ವಾಸಕೋಶ ಊದಿಕೊಂಡರೆ ಸ್ಟಿರಾಯ್ಡ್. ಇಲ್ಲೆಲ್ಲ ರೋಗಿಯನ್ನು ಹಾಸಿಗೆಗೆ ಕೆಡವಿದ್ದು ಇಂದಿನ ತೊಂದರೆ. ಅದಕ್ಕೆ ಮದ್ದಿದೆ. ಸ್ಟೇಜ್ ಎಷ್ಟು ಎನ್ನುವುದಕ್ಕಿಂತ ಈಗ ಕೆಟ್ಟಿರುವುದು ಏನು, ಅದು ಸರಿಹೋಗುವಂಥದ್ದೇ ಎನ್ನುವುದು ದೊಡ್ಡ ಪ್ರಶ್ನೆ. ಒಂಬತ್ತು ದಿನದಲ್ಲಿ ನಾನು ಅದನ್ನು ಒಮ್ಮೆಯೂ ಕೇಳಲಿಲ್ಲ.

“ಐಸಿಯುಗೆ ಹಾಕಿದ್ರೆ ಹೇಗೋ ಉಳ್ಕೋತಾರೆ”

ಇದು ಅದೇ ತಪ್ಪಿನ ಇನ್ನೊಂದು ಮುಖ, ಮತ್ತು ಇದೇ ನಮ್ಮದಾಗಿತ್ತು.

ಐಸಿಯು ಯಾವ ರೋಗಕ್ಕೂ ಔಷಧವಲ್ಲ. ಹೀರೆ ಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಅಂಥದ್ದು. ಬೇರು ಜೀವಂತವಾಗಿದ್ದರೆ ಚಪ್ಪರ ಹಿಡಿದು ಬಳ್ಳಿ ಹಬ್ಬುತ್ತದೆ. ಬೇರೇ ಒಣಗಿದ್ದರೆ ಚಪ್ಪರ ಎಷ್ಟು ಗಟ್ಟಿಯಾಗಿದ್ದರೇನು? ವೆಂಟಿಲೇಟರ್ ಉಸಿರಾಡಿಸುತ್ತದೆ, ಶ್ವಾಸಕೋಶವನ್ನು ವಾಸಿಮಾಡುವುದಿಲ್ಲ. ಗಡ್ಡೆಯನ್ನಂತೂ ಮುಟ್ಟುವುದೂ ಇಲ್ಲ.

ಕ್ಯಾನ್ಸರ್ ವೈದ್ಯರ ಬಳಿ ಒಂದು ಸರಳ ಅಳತೆಗೋಲಿದೆ, ‘ಇಕಾಗ್’ ಎನ್ನುತ್ತಾರೆ. ಸೊನ್ನೆ ಎಂದರೆ ಮೊದಲಿನಂತೆಯೇ ಓಡಾಡಿಕೊಂಡಿರುವವರು. 3 ಎಂದರೆ ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುವವರು. 4 ಎಂದರೆ ಎಲ್ಲವೂ ಹಾಸಿಗೆಯಲ್ಲೇ. ಐಸಿಯುಗೆ ಬರುವ ಮೊದಲು ಆ ಮನುಷ್ಯ ಎಲ್ಲಿದ್ದ ಎನ್ನುವುದು, ಹೊರಗೆ ಬಂದರೆ ಎಲ್ಲಿಗೆ ಬಂದಾನು ಎಂಬುದರ ಸುಳಿವು ಕೊಡುತ್ತದೆ. ಚಿಕ್ಕಪ್ಪ ಎರಡು ತಿಂಗಳಿಂದ ಬಚ್ಚಲಿಗೂ ಒಬ್ಬರ ಭುಜ ಹಿಡಿದೇ ಹೋಗುತ್ತಿದ್ದರು. ಕಣ್ಣು ಅರಿಶಿನವಾಗಿತ್ತು. ಇನ್ನು ಕೀಮೋ ತಡೆಯುವ ಮೈಯಲ್ಲ ಎಂದು ಕ್ಯಾನ್ಸರ್ ವೈದ್ಯರು ಹಿಂದಿನ ತಿಂಗಳೇ ಹೇಳಿದ್ದರು. ನಾವು ಅದನ್ನು ‘ಸದ್ಯಕ್ಕೆ ಬೇಡ ಅಂದಿದ್ದಾರೆ’ ಎಂದು ಕೇಳಿಸಿಕೊಂಡಿದ್ದೆವು.

ಹೀಗೆ ಕೇಳಿಸಿಕೊಳ್ಳುವುದು ನಮ್ಮ ಮನೆಯ ರೋಗವೇನಲ್ಲ. 2012ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದವರಲ್ಲಿ ಶೇ 69, ಕರುಳಿನ ಕ್ಯಾನ್ಸರಿನವರಲ್ಲಿ ಶೇ 81 ಮಂದಿಗೆ ಆ ಕೀಮೋದಿಂದ ರೋಗ ವಾಸಿಯಾಗುವ ಸಂಭವವಿಲ್ಲ ಎಂಬುದು ಮನಸ್ಸಿಗೆ ಇಳಿದಿರಲಿಲ್ಲ.

ನಡುವೆ ಒಂದು ಮಾತು. ‘ಸ್ಟೇಬಲ್’ ಎಂಬ ಪದವನ್ನು ನಂಬಬೇಡಿ. ನಂಬಿದರೂ, ಹಿಂದೆಯೇ ಇನ್ನೊಂದು ಪ್ರಶ್ನೆ ಕೇಳಿ. ಆರನೇ ದಿನ ಒಬ್ಬ ಕಿರಿಯ ವೈದ್ಯ ಹೊರಗೆ ಬಂದು “ಬಿಪಿ ಸ್ಟೇಬಲ್ ಇದೆ” ಎಂದ. ನಾವು ಊರಿಗೆಲ್ಲ ಫೋನು ಮಾಡಿ ಹೇಳಿದೆವು. ಬಿಪಿಯನ್ನು ಹಿಡಿದು ನಿಲ್ಲಿಸಿದ್ದ ನಾರ್‌ಅಡ್ರಿನಲಿನ್ ಪಂಪಿನ ವೇಗವನ್ನು ಹಿಂದಿನ ದಿನಕ್ಕಿಂತ ಹೆಚ್ಚಿಸಿದ್ದರು ಎಂಬುದು ಆ ಮಾತಿನಲ್ಲಿ ಇರಲಿಲ್ಲ. ಹುಡುಗ ಸುಳ್ಳು ಹೇಳಲಿಲ್ಲ. ನಾವು ಮನುಷ್ಯ ಹೇಗಿದ್ದಾನೆ ಎಂದು ಕೇಳಿದ್ದೆವು, ಅವನು ಮಾನಿಟರ್ ಹೇಗಿದೆ ಎಂದು ಹೇಳಿದ. “ಬಿಪಿಯ ಔಷಧಿ ನಿನ್ನೆಗಿಂತ ಜಾಸ್ತಿಯೋ ಕಡಿಮೆಯೋ?” ಎಂದು ಕೇಳಿದ್ದರೆ ಸಾಕಿತ್ತು.

“ಒಮ್ಮೆ ವೆಂಟಿಲೇಟರ್ ಹಾಕಿದ್ರೆ ತೆಗೆಯೋ ಹಾಗಿಲ್ಲ, ಕಾನೂನು ಬಿಡಲ್ಲ”

ಈ ಭಯ ಎರಡೂ ಕಡೆ ಕೆಡುಕು ಮಾಡುತ್ತದೆ. ತೆಗೆಯಲಾಗದು ಎಂದು ಹೆದರಿ, ಹಾಕಿದರೆ ಬದುಕಬಹುದಾದವರಿಗೂ ಹಾಕಿಸುವುದಿಲ್ಲ. ಹಾಕಿಸಿದವರು ತಿಂಗಳಾದರೂ ತೆಗೆಸುವುದಿಲ್ಲ.

ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯವರು ಈ ಗಂಟನ್ನು ಬಿಡಿಸಲು ಒಂದು ದಾರಿ ಹಿಡಿದರು. ವೆಂಟಿಲೇಟರ್ ಬೇಕಾದ ಕ್ಯಾನ್ಸರ್ ರೋಗಿಗಳನ್ನು ಮುಂಚಿತವಾಗಿ ಅಳೆದು ಸುರಿದು ತಿರಸ್ಕರಿಸದೆ, ಹಾಸಿಗೆ ಹಿಡಿದವರನ್ನೂ ಕ್ಯಾನ್ಸರಿಗೆ ಯಾವ ಚಿಕಿತ್ಸೆಯೂ ಉಳಿಯದವರನ್ನೂ ಬಿಟ್ಟು, ಉಳಿದವರನ್ನೆಲ್ಲ ಒಳಗೆ ಸೇರಿಸಿಕೊಂಡರು. ಕೆಲವು ದಿನ ಯಾವುದಕ್ಕೂ ಕೊರತೆ ಮಾಡದೆ ಪೂರ್ತಿ ಚಿಕಿತ್ಸೆ, ಆಮೇಲೆ ಕೂತು ಮರುಲೆಕ್ಕ. 2007ರಲ್ಲಿ ಪ್ರಕಟವಾದ ಅವರ ವರದಿಯಂತೆ 188 ಮಂದಿಯಲ್ಲಿ 103 ಮಂದಿ ಐದನೇ ದಿನಕ್ಕೆ ಬದುಕಿದ್ದರು. ಕೊನೆಗೆ ಆಸ್ಪತ್ರೆಯಿಂದ ಮನೆಗೆ ಹೋದವರು ಒಟ್ಟಿನಲ್ಲಿ ಶೇ 21.8. ಹೆಚ್ಚಿನವರದು ರಕ್ತದ ಕ್ಯಾನ್ಸರ್ ಎಂಬುದನ್ನೂ ಹೇಳಬೇಕು, ಗಟ್ಟಿ ಗಡ್ಡೆಗಳ ಲೆಕ್ಕವೇ ಬೇರೆ. ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. ಯಾರು ಉಳಿಯುತ್ತಾರೆ ಎಂಬುದು ಸೇರಿಸಿಕೊಂಡ ದಿನಕ್ಕಿಂತ, ಮೂರನೇ ದಿನಕ್ಕಿಂತಲೂ, ಆರನೇ ದಿನ ಹೆಚ್ಚು ಸರಿಯಾಗಿ ಕಾಣುತ್ತಿತ್ತು. ಮೊದಲ ಮೂರು ದಿನದ ಬಳಿಕ ಹೊಸದಾಗಿ ವೆಂಟಿಲೇಟರೋ ಬಿಪಿ ಔಷಧಿಯೋ ಡಯಾಲಿಸಿಸ್ಸೋ ಬೇಕಾದವರಲ್ಲಿ ಒಬ್ಬರೂ ಬದುಕಲಿಲ್ಲ.

ಹಾಗಾಗಿ ಒಳಗೆ ಕಳಿಸುವಾಗಲೇ ಕೇಳಬಹುದಾದ ಮಾತು: “ಡಾಕ್ಟ್ರೇ, ಯಾವ ತೊಂದರೆಗೆ ಹಾಕ್ತಿದೀರಿ? ಎಷ್ಟು ದಿನ ನೋಡೋಣ? ಅಷ್ಟು ದಿನದಲ್ಲಿ ಏನು ಕಂಡರೆ ಒಳ್ಳೇದು, ಏನು ಕಂಡರೆ ಸಾಕು ಅನ್ನಬೇಕು?” ಇದಕ್ಕೆ ಸಿಡುಕುವ ವೈದ್ಯರೂ ಸಿಗುತ್ತಾರೆ. ಕೇಳಿದ್ದಕ್ಕೆ ನಿರಾಳವಾಗುವವರೇ ಹೆಚ್ಚು ಎಂದು ಈಗ ಅನ್ನಿಸುತ್ತದೆ.

ಇನ್ನು ಕಾನೂನು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ‘ಕಾಮನ್ ಕಾಸ್’ ಪ್ರಕರಣದಲ್ಲಿ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು. ಗುಣವಾಗುವ ಆಸೆಯಿಲ್ಲದ ರೋಗಿಗೆ ಜೀವರಕ್ಷಕ ಯಂತ್ರಗಳನ್ನು ಹಾಕದಿರಲೂ, ಹಾಕಿದ್ದನ್ನು ತೆಗೆಯಲೂ ದಾರಿ ತೋರಿಸಿತು. ಆ ದಾರಿ ಎಷ್ಟು ಸುತ್ತುಬಳಸಾಗಿತ್ತೆಂದರೆ ನಡೆಯುವುದೇ ಕಷ್ಟವಾಗಿತ್ತು. 2023ರ ಜನವರಿ 24ರಂದು ಅದೇ ಕೋರ್ಟು ಅದನ್ನು ಸಡಿಲಿಸಿತು. ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ, ಸಾಧ್ಯವಾದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ, ಮನೆಯವರ ಒಪ್ಪಿಗೆ, ಜಾರಿಗೆ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸುವುದು. ಮುಂದೆ ಇಂಥ ಯಂತ್ರಗಳು ಬೇಡ ಎಂದು ಮೊದಲೇ ‘ಲಿವಿಂಗ್ ವಿಲ್’ ಬರೆದಿಡುವವರಿಗೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಈ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರ ಬರೆದು ಹೋರಾಡಿದ್ದರು.

ಇದನ್ನು ದಯಾಮರಣ ಎಂದು ಕರೆದು ಗಾಬರಿಯಾಗುವವರಿದ್ದಾರೆ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ಭಾರತದಲ್ಲಿ ಅಪರಾಧ, ಈಗಲೂ. ರೋಗ ತನ್ನ ದಾರಿಯಲ್ಲಿ ಹೋಗುತ್ತಿರುವಾಗ ಫಲವಿಲ್ಲದ ಯಂತ್ರವನ್ನು ಅಡ್ಡ ಇಡದಿರುವುದು ಬೇರೆಯೇ ಸಂಗತಿ.

ಕಾನೂನಿನ ದಾರಿ ಗೊತ್ತಿಲ್ಲದ ಕಡೆ ನಡೆಯುವುದು ಇನ್ನೊಂದು, ಆಸ್ಪತ್ರೆ ಭಾಷೆಯ ‘ಲಾಮಾ’. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂದು ಮನೆಯವರು ರುಜು ಹಾಕುವುದು. ಕೈಯಲ್ಲಿದ್ದ ದುಡ್ಡು, ಬಿಪಿಎಲ್ ಕಾರ್ಡಿನ 5 ಲಕ್ಷ, ಸಾಲ ತಂದದ್ದು ಎಲ್ಲ ಮುಗಿದಾಗ ಆ ಕಾಗದ ಹೊರಬರುತ್ತದೆ. ಆಂಬುಲೆನ್ಸಿನಲ್ಲಿ ಒಬ್ಬರು ಊರ ಗಡಿಯವರೆಗೆ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಕೂರುತ್ತಾರೆ. ನೋವಿಗೆ ಮಾತ್ರೆಯಿಲ್ಲ, ಉಬ್ಬಸಕ್ಕೆ ಔಷಧಿಯಿಲ್ಲ, ಫೋನು ಮಾಡಲು ನಂಬರಿಲ್ಲ. ಯಂತ್ರ ನಿಲ್ಲಿಸುವುದಕ್ಕೂ ಕೈಬಿಡುವುದಕ್ಕೂ ಇರುವ ಅಂತರ ಆ ಆಂಬುಲೆನ್ಸಿನಲ್ಲಿ ಕಾಣುತ್ತದೆ.

“ಹೃದಯ ನಿಂತ್ರೂ ಎದೆ ಒತ್ತಿ ಬದುಕಿಸ್ತಾರೆ”

ಟೀವಿಯಲ್ಲಿ ಹೌದು. 1996ರಲ್ಲಿ ಅಮೆರಿಕದ ವೈದ್ಯರು ಅಲ್ಲಿನ ಮೂರು ಜನಪ್ರಿಯ ಧಾರಾವಾಹಿಗಳನ್ನು ಕೂತು ನೋಡಿ ಲೆಕ್ಕ ಹಾಕಿದರು. ಸಿಪಿಆರ್ ಮಾಡಿಸಿಕೊಂಡ ಪಾತ್ರಗಳಲ್ಲಿ ಶೇ 75 ಮಂದಿಗೆ ಅಲ್ಲೇ ಜೀವ ಬರುತ್ತಿತ್ತು. ನಿಜವಾದ ಕ್ಯಾನ್ಸರ್ ರೋಗಿಗಳ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯಲ್ಲಿ ಸಿಪಿಆರ್ ಬಳಿಕ ಆಸ್ಪತ್ರೆಯಿಂದ ಜೀವಂತ ಹೊರಬಂದವರು ಸುಮಾರು ಶೇ 6. ಐಸಿಯುನಲ್ಲೇ ಹೃದಯ ನಿಂತವರಲ್ಲಿ ಶೇ 2ರ ಆಸುಪಾಸು, ಏಕೆಂದರೆ ಅಲ್ಲಿ ಹೃದಯ ನಿಲ್ಲುವುದು ಎಲ್ಲ ಆಸರೆ ಕೊಟ್ಟ ಮೇಲೆ. ಸೊರಗಿದ ಎದೆಯ ಮೇಲೆ ಎರಡಂಗುಲ ಆಳಕ್ಕೆ ಒತ್ತಿದರೆ ಪಕ್ಕೆಲುಬು ಮುರಿಯುವುದು ಸಾಮಾನ್ಯ.

ಇದನ್ನು ಮಾಡದಿರುವ ನಿರ್ಧಾರಕ್ಕೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸಿಪಿಆರ್ ಬೇಡ ಎಂದರೆ ಅದೊಂದೇ ಬೇಡ. ಆಂಟಿಬಯಾಟಿಕ್, ಆಮ್ಲಜನಕ, ನೋವಿನ ಔಷಧಿ ಎಲ್ಲ ನಡೆಯುತ್ತಲೇ ಇರುತ್ತವೆ.

“ಒಳಗಿರೋರಿಗೆ ಏನೂ ಗೊತ್ತಾಗಲ್ಲ ಬಿಡಿ”

ಗೊತ್ತಾಗುತ್ತದೆ. ಎಲ್ಲರಿಗೂ ಅಲ್ಲ, ಎಲ್ಲ ಹೊತ್ತೂ ಅಲ್ಲ. ಐಸಿಯುನಿಂದ ಹೊರಬಂದವರು ಹೆಚ್ಚಾಗಿ ನೆನೆಯುವುದು ಬಾಯಾರಿಕೆಯನ್ನು, ಆರದ ದೀಪವನ್ನು, ವೆಂಟಿಲೇಟರಿನ ಕೊಳವೆ ಕಿತ್ತುಕೊಳ್ಳದಿರಲೆಂದು ಕಟ್ಟಿದ ಕೈಯನ್ನು. ಕೊಳವೆ ಇದ್ದಷ್ಟು ದಿನ ಮಾತು ಹೊರಡದು. ಒಳಗೆ ಬಿಟ್ಟಾಗ ಹೆಸರು ಹಿಡಿದು ಕರೆಯಿರಿ, ಯಾರು ಬಂದಿದ್ದೀರಿ ಎಂದು ಹೇಳಿ. ಅವರ ತಲೆಯ ಮೇಲೆ ನಿಂತು ಬಿಲ್ಲಿನ ಲೆಕ್ಕ ಆಡಬೇಡಿ.

“ಅವರಿಗೆ ಮಾತ್ರ ಹೇಳ್ಬೇಡಿ, ಧೈರ್ಯ ಕುಂದುತ್ತೆ”

ನಮ್ಮ ಮನೆಯಲ್ಲಿ ಆರು ತಿಂಗಳು ಕ್ಯಾನ್ಸರಿನ ಹೆಸರು ‘ಅಲ್ಸರ್’. ಕೀಮೋದ ಹೆಸರು ‘ಶಕ್ತಿ ಡ್ರಿಪ್’. ಚಿಕ್ಕಪ್ಪ ಮೂವತ್ತು ವರ್ಷ ಸೊಸೈಟಿಯಲ್ಲಿ ಲೆಕ್ಕಪತ್ರ ಬರೆದವರು. ಆಸ್ಪತ್ರೆ ಬೋರ್ಡು ಓದಲು ಬಾರದವರೇನಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದರು, ನಮ್ಮ ಧೈರ್ಯ ಕುಂದದಿರಲೆಂದು. ಕೊನೆಗೆ ಕೊಳವೆ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಬಂದ ರಾತ್ರಿ ಅದಕ್ಕೆ ಉತ್ತರ ಕೊಡಬಲ್ಲ ಒಬ್ಬರೇ ಒಬ್ಬರನ್ನು ಬಿಟ್ಟು ಉಳಿದ ಹದಿಮೂರು ಜನ ಫೋನಿನಲ್ಲಿ ಚರ್ಚಿಸಿದೆವು. ದುಬೈನ ಸೋದರಮಾವ “ದುಡ್ಡಿನ ಯೋಚನೆ ಬೇಡ, ಎಲ್ಲಾ ಮಾಡ್ಸಿ” ಎಂದ ಮೇಲೆ ಬೇರೆಯವರಿಗೆ ಬಾಯಿ ಬರಲಿಲ್ಲ.

ಹೇಳಿದರೆ ಕುಗ್ಗುತ್ತಾರೆ ಎಂಬುದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಮುಂದುವರಿದ ಕ್ಯಾನ್ಸರಿನ 332 ಮಂದಿಯನ್ನು ಅವರ ಸಾವಿನವರೆಗೂ ಹಿಂಬಾಲಿಸಿ 2008ರಲ್ಲಿ ವರದಿ ಮಾಡಿದರು. ಕೊನೆಗಾಲದ ಬಗ್ಗೆ ವೈದ್ಯರೊಡನೆ ಮಾತಾಡಿದ್ದವರಲ್ಲಿ ಖಿನ್ನತೆ ಹೆಚ್ಚೇನೂ ಕಾಣಲಿಲ್ಲ. ಅವರು ವೆಂಟಿಲೇಟರ್ ಹಾಕಿಸಿಕೊಂಡದ್ದು, ಐಸಿಯು ಮೆಟ್ಟಿಲು ಹತ್ತಿದ್ದು ಕಡಿಮೆ. ಉಳಿದ ಮನೆಯವರ ಸಂಕಟದಲ್ಲೂ ವ್ಯತ್ಯಾಸವಿತ್ತು.

ಹೇಳುವುದೆಂದರೆ ತೀರ್ಪು ಓದುವುದಲ್ಲ. “ನಿಮಗೆ ಏನನ್ನಿಸ್ತಿದೆ? ಉಸಿರು ಕಷ್ಟ ಆದ್ರೆ ಏನು ಮಾಡ್ಬೇಕು ಅಂತ ನಿಮ್ಮ ಇಷ್ಟ?” ಎಂದು ಕೇಳಿದರೆ ಅವರೇ ಎಷ್ಟು ತಿಳಿಯಬೇಕೋ ಅಷ್ಟು ಬಾಗಿಲು ತೆರೆಯುತ್ತಾರೆ.

“ಮಾರ್ಫಿನ್ ಶುರು ಮಾಡಿದ್ರು ಅಂದ್ರೆ ಕಥೆ ಮುಗೀತು”

ಮಾರ್ಫಿನ್ ನೋವಿನ ಔಷಧಿ. ಅಳತೆಯಲ್ಲಿ ಕೊಟ್ಟರೆ ಉಬ್ಬಸದ ಹಿಂಸೆಯನ್ನೂ ಇಳಿಸುತ್ತದೆ. ವರ್ಷಗಟ್ಟಲೆ ತೆಗೆದುಕೊಂಡು ಹೊಲಕ್ಕೆ ಹೋಗಿಬರುವವರಿದ್ದಾರೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯಿಂದ ಪರವಾನಗಿ ಸುಲಭವಾಗಿದ್ದರೂ ಹೆದರಿಕೆ ಹೋಗಿಲ್ಲ.

ನೋವು, ಸಂಕಟ ಇಳಿಸುವುದನ್ನೇ ಮುಖ್ಯ ಮಾಡಿಕೊಂಡ ಉಪಶಮನ ಆರೈಕೆಯ ಬಗ್ಗೆಯೂ ಇದೇ ಗುಮಾನಿ, ‘ಅಲ್ಲಿಗೆ ಕಳಿಸಿದರೆ ಆಸೆ ಬಿಟ್ಟ ಹಾಗೆ’ ಎಂದು. ಬಾಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ರೋಗ ತಿಳಿದ ಹೊಸತರಲ್ಲೇ, ಕೀಮೋ ಜೊತೆಗೇ, ಉಪಶಮನ ಆರೈಕೆಯನ್ನೂ ಕೊಟ್ಟರು. 2010ರ ಆ ವರದಿಯಂತೆ ಅವರು ಬದುಕಿದ ಮಧ್ಯಾಂಕ ಅವಧಿ 11.6 ತಿಂಗಳು, ಉಳಿದವರದು 8.9. ಕೊನೆಯಲ್ಲಿ ಅಬ್ಬರದ ಚಿಕಿತ್ಸೆ ಪಡೆದವರು ಉಪಶಮನ ಆರೈಕೆ ಸಿಕ್ಕವರಲ್ಲೇ ಕಡಿಮೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದಕ್ಕೊಂದು ವಿಭಾಗವಿದೆ. ಮಾರತ್‌ಹಳ್ಳಿ ಬಳಿಯ ಕರುಣಾಶ್ರಯದಲ್ಲಿ 1999ರಿಂದ ಒಂದು ಪೈಸೆ ತೆಗೆದುಕೊಳ್ಳದೆ ಇಂಥ ರೋಗಿಗಳನ್ನು ನೋಡಿಕೊಳ್ಳುತ್ತಾರೆ. ಮನೆಗೂ ಬರುವ ತಂಡ ಅವರಲ್ಲಿದೆ. ನಾವಿದ್ದ ವರಾಂಡದಿಂದ ಅಲ್ಲಿಗೆ ಆಟೋದಲ್ಲಿ ಮುಕ್ಕಾಲು ಗಂಟೆ. ಒಂಬತ್ತು ದಿನ ಯಾರೂ ಆ ಹೆಸರು ಎತ್ತಲಿಲ್ಲ, ನಾವೂ ಸೇರಿದಂತೆ.

“ಒಂದು ಡ್ರಿಪ್ ಆದ್ರೂ ಹಾಕಿ, ಹಸಿದುಕೊಂಡು ಹೋಗೋದು ಬೇಡ”

ಅರ್ಧ ಲೀಟರಿನ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಟೀ ಚಮಚ. ಅದು ಊಟವಲ್ಲ. ಸಾವು ಹತ್ತಿರವಾದಾಗ ಹಸಿವು ತಾನಾಗಿಯೇ ಇಳಿಯುತ್ತದೆ, ಮೈ ನೀರನ್ನು ಅರಗಿಸಿಕೊಳ್ಳುವುದಿಲ್ಲ. ಹೆಚ್ಚಾಗಿ ಹರಿಸಿದ ನೀರು ಕಾಲು ಊದಿಸಿ, ಎದೆಯಲ್ಲಿ ಗೊರಗೊರ ಎನಿಸುತ್ತದೆ. ಕೊನೆಗಾಲದ 129 ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ ಒಂದು ಲೀಟರ್, ಕೆಲವರಿಗೆ ಹೆಸರಿಗೆ 100 ಮಿಲಿಲೀಟರ್ ಡ್ರಿಪ್ ಕೊಟ್ಟು ಹೋಲಿಸಿದ 2013ರ ಪ್ರಯೋಗದಲ್ಲಿ ಕಷ್ಟದಲ್ಲೂ ಆಯಸ್ಸಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ಆ ಹೊತ್ತಿಗೆ ಬೇಕಾದದ್ದು ಒಣಗಿದ ಬಾಯಿಗೆ, ತುಟಿಗೆ ಒದ್ದೆ.

ನಮ್ಮ ಕಡೆ ಹೋಗುವವರ ಬಾಯಿಗೆ ನೀರು ಬಿಡಬೇಕು. ಇಡೀ ಬಾಳಿನಲ್ಲಿ ಬೇರೇನು ತಪ್ಪಿದರೂ ಇದು ತಪ್ಪಬಾರದು. ಚಿಕ್ಕಮ್ಮ ಕಾಶಿಗೆ ಹೋದಾಗ ತಂದಿದ್ದ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೊದಲ ದಿನದಿಂದ ವರಾಂಡದಲ್ಲಿ ಕೂತಿದ್ದರು. ದಿನಕ್ಕೆರಡು ಸಲ ಐದೈದು ನಿಮಿಷ ಒಳಗೆ ಬಿಡುತ್ತಿದ್ದರು. ಒಂಬತ್ತನೇ ದಿನ ಸಂಜೆ ಗಿಂಡಿ ತೋರಿಸಿದಾಗ ನರ್ಸ್, “ಬಾಯಲ್ಲಿ ಟ್ಯೂಬಿದೆ ಅಮ್ಮ, ನೀರು ಹಾಕಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ” ಎಂದಳು. ಹೇಳಿದ್ದು ಸರಿ. ಆಮೇಲೆ ಒಂದು ಕ್ಷಣ ನಿಂತು, ಒಂದು ತುಂಡು ಗಾಜ್ ಬಟ್ಟೆ ಚಿಮುಟದಲ್ಲಿ ಹಿಡಿದು, “ಇದಕ್ಕೆ ನಾಲ್ಕು ಹನಿ ಬಿಡಿ, ತುಟಿಗೆ ನೀವೇ ಒರೆಸಿ” ಎಂದಳು.

ಗಿಂಡಿಯ ಬೆಸುಗೆ ಬಿಚ್ಚಲು ಅಲ್ಲಿ ಯಾರ ಬಳಿಯೂ ಏನೂ ಇರಲಿಲ್ಲ. ಕೊನೆಗೆ ಸಲೈನ್ ಬಾಟಲಿಯಿಂದಲೇ ಬಟ್ಟೆ ಒದ್ದೆ ಮಾಡಿ ಕೊಟ್ಟಳು. ಚಿಕ್ಕಮ್ಮ ಕೊಳವೆಯ ಪ್ಲಾಸ್ಟರ್ ಸರಿಯದಂತೆ, ಮಗುವಿಗೆ ಒರೆಸುವ ಹಾಗೆ, ಎರಡೂ ತುಟಿಯ ಅಂಚಿಗೆ ಒರೆಸಿದರು. ಹೊರಗೆ ಬಂದು, “ಉಪ್ಪುಪ್ಪು ಇರುತ್ತಲ್ವೇನೋ ಅದು?” ಎಂದು ನನ್ನನ್ನು ಕೇಳಿದರು.